ಶಾಂತಾ ಅಕ್ಕೋರು ಮತ್ತು ನನ್ನ ಹೆಸರು

ಶಾಂತಾ ಅಕ್ಕೋರ ಸಿಟ್ಟಿಗೂ ಅವರ ಹೆಸರಿಗೂ ಸಂಬಂಧವೇ ಇರಲಿಲ್ಲ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ನಮ್ಮೂರು ಪುರ್ತಗೇರಿಯ ಶಾಲೆಯಲ್ಲಿ ಯಾರಾದರೂ ಇನ್ನೊಬ್ಬರನ್ನು ಹೀಯಾಳಿಸಿದ್ದು ಕಿವಿಗೆ ಬಿದ್ದರೆ ಅವರು ಹೀಯಾಳಿಸಿದವರ ಕೈಗೆ ಸೀಮೆಸುಣ್ಣ ಕೊಡುತ್ತಿದ್ದರು. ಆಡಿದ ಮಾತನ್ನು ತನ್ನದೇ ಹೆಸರಿಗೆ ಹಚ್ಚಿ ಹಲಗೆಯ ಮೇಲೆ ಬರೆದು ಮೂರು ಸಲ ಗಟ್ಟಿಯಾಗಿ ಓದಬೇಕು. ಕಾಲೆಳೆದು ನಡೆಯುವ ಹುಡುಗನನ್ನು ಅಣಕಿಸಿದ ಈರಪ್ಪ ‘ಕುಂಟ ಈರಪ್ಪ’ ಎಂದು ಮೊದಲ ಸಲ ನಗುತ್ತ ಓದಿದ, ಎರಡನೆಯ ಸಲ ತಡವರಿಸಿದ, ಮೂರನೆಯದಕ್ಕೆ ದನಿಯೇ ಹೊರಡಲಿಲ್ಲ.

“ಬಾಯಾಗಿಂದ ಬೀಳೂವಾಗ ಹಗರ ಇತ್ತಲ್ಲಾ, ಈಗ್ಯಾಕ ಭಾರ ಆತು?” ಎಂದರು ಅಕ್ಕೋರು.

ನನ್ನ ಹೆಸರು ಸಾಕವ್ವ. ಮೂವರು ಹೆಣ್ಣುಮಕ್ಕಳ ಹಿಂದೆ ನಾನೂ ಹೆಣ್ಣಾಗಿ ಹುಟ್ಟಿದ್ದಕ್ಕೆ ‘ಹೆಣ್ಣು ಸಾಕಪ್ಪಾ ಶಿವನೇ’ ಎಂದು ಆಯಿ, ಅಂದರೆ ಅಪ್ಪನ ತಾಯಿ, ಇಟ್ಟ ಹೆಸರು. ಹಾಗಿಟ್ಟರೆ ಮುಂದಿನದು ಗಂಡಾಗುತ್ತದಂತೆ! ಕಣ್ಣು ಬಿಡದ ಕೂಸಿಗೆ ‘ನೀನು ಬೇಡವಾಗಿದ್ದೆ’ ಎಂದು ಜೀವನಪೂರ್ತಿ ಹೇಳುವ ಈ ಪದ್ಧತಿಗೆ ಬೆಂಕಿ ಬೀಳಲಿ. ಹಾಜರಿಯಲ್ಲಿ ನಾನು ‘ಹಾಜರ್ರಿ’ ಎನ್ನುವ ಮೊದಲೇ ಹಿಂದಿನ ಸಾಲಿನ ಹುಡುಗರು ‘ಸಾಕ್ರಿ!’ ಎಂದು ಕೂಗುತ್ತಿದ್ದರು. ಅಕ್ಕೋರು ಬಂದ ಮೇಲೆ ಅದು ನಿಂತಿತು.

ನಿಲ್ಲಿಸಿದವರೇ ಒಂದು ದಿನ ಎಡವಿದರು. ಏಳನೆಯ ತರಗತಿ, ಭಿನ್ನರಾಶಿ. ನನಗೆ ತಲೆಗೆ ಹತ್ತದೆ ನಾಲ್ಕನೆಯ ಸಲ ಎದ್ದು ಕೇಳಿದೆ. ಕಲಿಸಿ ಕಲಿಸಿ ದಣಿದಿದ್ದ ಅಕ್ಕೋರು, “ಸಾಕವ್ವಾ, ಇನ್ನರ ಸಾಕ್ ಮಾಡವಾ!” ಎಂದುಬಿಟ್ಟರು. ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಪಾಟಿಚೀಲ ಎತ್ತಿಕೊಂಡು ಮನೆಗೆ ಬಂದೆ.

“ಚಲೋ ಆತು. ನಾಳಿಂದ ಕಸಾ ಕೀಳಾಕ ಬಾ,” ಎಂದಳು ಆಯಿ. ಎಂಟು ದಿನ ಶೇಂಗಾ ಹೊಲದಲ್ಲಿ ಕಳೆ ಕಿತ್ತೆ. ನನ್ನ ಓದು ಅಲ್ಲಿಗೆ ಮುಗಿಯಿತೆಂದು ಮನೆಯವರೆಲ್ಲ ಅಂದುಕೊಂಡರು, ನಾನೂ.

ಒಂಬತ್ತನೆಯ ದಿನ ಅಕ್ಕೋರು ಇಡೀ ತರಗತಿಯನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿದ್ದ ಪಾಟಿಯ ಮೇಲೆ ಅವರದೇ ದುಂಡು ಅಕ್ಷರ: ‘ಸಾಕಾದ ಶಾಂತಾ’. ಓಣಿಯ ಜನರೆದುರು ಮೂರು ಸಲ ಓದಿದರು. ಮೂರನೆಯದಕ್ಕೆ ಅವರ ದನಿಯೂ ಒಡೆಯಿತು. “ತಪ್ಪಾತವಾ,” ಎಂದರು ನನಗೆ. ಅದುವರೆಗೆ ದೊಡ್ಡವರ್ಯಾರೂ ನನಗೆ ಆ ಮಾತು ಹೇಳಿರಲಿಲ್ಲ.

“ಒಂದ್ ಮಾತಿಗೆ ಇಷ್ಟ್ಯಾಕ್ರಿ ಅಕ್ಕೋರ? ಹೆಣ್ಣಿಗೆ ಏಳನೇತ್ತಾ ಸಾಕಲ್ರಿ,” ಎಂದಳು ಆಯಿ.

ಅಕ್ಕೋರು ಉರಿದುಬಿದ್ದರು. “ಹೆಸರ ಹಿಡದು ಎಬ್ಬಸೂವಾಗ ಸಾಕು, ಉಣ್ಣಾಕ ಕರಿಯೂವಾಗ ಸಾಕು! ದಿನಾ ಇಷ್ಟು ಸಲ ಬ್ಯಾಡಂದ್ರ ಯಾವ ಹುಡುಗಿ ತಲಿ ಎತ್ತತಾಳ್ರಿ? ನಾ ಒಂದ ಸಲ ಅಂದದ್ದಕ್ಕ ಎಂಟು ದಿನಾ ನಿದ್ದಿ ಇಲ್ಲ ನನಗ. ನಿಮಗ ಹ್ಯಾಂಗ ಬರ್ತೈತ್ರಿ ನಿದ್ದಿ?”

ಆಯಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಮರುದಿನ ನಾನು ಶಾಲೆಗೆ ಹೋದೆ. ಭಿನ್ನರಾಶಿ ಹೇಳಿಕೊಟ್ಟವನು ಈರಪ್ಪ. “ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳು,” ಎಂದ.

ಹತ್ತನೆಯದರಲ್ಲಿ ಪಾಸಾದಾಗ, ನರಗುಂದಕ್ಕೆ ವರ್ಗವಾಗಿದ್ದ ಅಕ್ಕೋರನ್ನು ಕಾಣಲು ಹೋದೆ. ಅದೇ ಕೊನೆಯ ಭೇಟಿ. “ಹೆಸರ ಬದಲಿ ಮಾಡಸೂಣೇನ? ಅರ್ಜಿ ನಾನ ಬರದು ಕೊಡ್ತೀನಿ,” ಎಂದರು.

“ನಾ ಯಾಕ ಬದಲಿ ಮಾಡ್ಕೋಬೇಕ್ರಿ? ನಾಚಿಕಿ ಬರಬೇಕಾದ್ದು ಇಟ್ಟವರಿಗೆ!”

ಅಕ್ಕೋರು ನನ್ನನ್ನೇ ನೋಡಿದರು. “ಹಂಗಾರ ಇಟ್ಕೋ. ಖರೇ, ತಲಿ ಬಗ್ಗಿಸಿ ಮಾತ್ರ ಹೇಳಬ್ಯಾಡ.”

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲವೆಂಬ ಸಂಕಟ ಹೋಗಿಲ್ಲ. ಈಗ ನಾನು ರೋಣದ ದವಾಖಾನೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಮೊನ್ನೆ ಒಂದು ಮನೆಯ ಮೂರನೆಯ ಹೆಣ್ಣು ಕೂಸನ್ನು ಹೊರಗೆ ತಂದಾಗ ಅದರ ಅಜ್ಜಿ ಮುಖ ತಿರುಗಿಸಿ, “ಇದಕ್ಕ ಸಾಕವ್ವ ಅಂತನ ಇಡ್ತೀನಿ,” ಎಂದಳು.

ನಾನು ಕೂಸನ್ನು ಎದೆಗೊತ್ತಿಕೊಂಡು ಅವಳೆದುರು ನಿಂತೆ.

“ಸಾಕವ್ವ ನಾನ ಅದೀನ್ರಿ. ನಿಮ್ಮ ಮೊಮ್ಮಗಳನ್ನ ಮೊದಲ ಎತ್ಕೊಂಡಾಕಿ ನಾನ. ನನ್ನ ಮುಖಾ ನೋಡಿ ಇನ್ನೊಮ್ಮೆ ಅನ್ರಿ.”

ಅಜ್ಜಿ ಬಾಯಿ ತೆರೆದಳು. ಅನ್ನಲಿಲ್ಲ. ಕೂಸಿಗಾಗಿ ಎರಡೂ ಕೈ ಚಾಚಿದಳು.