ಗೋಡೆಯ ಮೇಲಿನ ಮೂರು ಚುಕ್ಕೆ

ನಾಲ್ಕು ತಿಂಗಳ ಕಾಲ ನಾನು ಒಂದೇ ಹದ್ದಿನ ಫೋಟೊ ತೆಗೆದೆ. ಇದನ್ನು ಬೇರೆಯವರು ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ಮುರ್ಡೇಶ್ವರದ ಕಡಲ ಮೇಲೆ ಆ ಹದ್ದು ಇತ್ತು. ಹೊನ್ನಾವರದ ಸೇತುವೆಯ ಮೇಲೂ ಅದೇ ಎತ್ತರದಲ್ಲಿ ಅದೇ ಹದ್ದು. ನಾನದಕ್ಕೆ ಗರುಡ ಎಂದು ಬಡ್ತಿಯನ್ನೂ ಕೊಟ್ಟು, ಭಟ್ಕಳದಲ್ಲಿ ನಾನು ಗುಮಾಸ್ತನಾಗಿದ್ದ ಬ್ಯಾಂಕಿನವರಿಗೆಲ್ಲ ತೋರಿಸಿ ಬೀಗಿದೆ. ಕೊನೆಗೆ ನಮ್ಮ ಮ್ಯಾನೇಜರರ ಬೀಳ್ಕೊಡುಗೆಯ ಫೋಟೊದಲ್ಲಿ ಅದು ಫ್ಯಾನಿನ ಪಕ್ಕದಲ್ಲೇ ಹಾರುತ್ತಿತ್ತು. ಕ್ಯಾಶಿಯರ್ ಶಾನಭಾಗರು ಕನ್ನಡಕ ಏರಿಸಿ ನೋಡಿ, “ಇದು ನಿಮ್ಮ ಸಂಗ್ತಿಗೇ ಡ್ಯೂಟಿಗೂ ಬರ್ತದಾ ಎಂತ?” ಎಂದು ಕೇಳಿದರು.

ಕ್ಯಾಮೆರಾ ದುಬೈಯದು. ಅಲ್ಲಿಂದ ರಜೆಯಲ್ಲಿ ಬಂದ ಗೆಳೆಯನೊಬ್ಬ ಬಳಸಿ ಬೇಸತ್ತು ನನಗೆ ದಾಟಿಸಿದ್ದು. ಲೆನ್ಸ್ ಬಿಚ್ಚಿ ಹಾಕುವಂಥ ಡಿಜಿಟಲ್ ಕ್ಯಾಮೆರಾ ಆಗಿನ್ನೂ ನಮ್ಮ ಕಡೆ ಅಪರೂಪ. ಬಿಚ್ಚಲು ಬರುತ್ತದೆ ಎಂದಮೇಲೆ ಬಿಚ್ಚದೆ ಇರುವುದು ಹೇಗೆ? ಕಡಲ ದಂಡೆಯಲ್ಲಿ, ಬಸ್ಸಿನಲ್ಲಿ, ಕಂಡಕಂಡವರೆದುರು ಬಿಚ್ಚಿ ತೋರಿಸಿದೆ. ಕುಮಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಸ್ನೇಹಿತ ಗಣಪತಿ ಗರುಡನನ್ನು ನೋಡಿದವನೇ, “ಹದ್ದೂ ಅಲ್ಲ, ಗಿದ್ದೂ ಅಲ್ಲ ಮಾರಾಯ. ಧೂಳು. ಒಳಗೆ ಹೋಗಿ, ಚಿತ್ರ ಮೂಡೂ ಸೆನ್ಸರ್ ಮೇಲೆ ಕೂತದೆ” ಎಂದ. ಪರೀಕ್ಷೆಯ ಕ್ರಮವನ್ನೂ ಹೇಳಿಕೊಟ್ಟ. ಬೆಳಕು ಬಿಡುವ ಕಿಂಡಿಯಾದ ಅಪರ್ಚರನ್ನು ಆದಷ್ಟು ಕಿರಿದು ಮಾಡಿ, ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡಿನ ಮೇಲಿಟ್ಟು, ಕಲೆಯಿಲ್ಲದ ಬಿಳಿ ಗೋಡೆಯ ಫೋಟೊ ತೆಗೆಯಬೇಕು. ಆಗ ಧೂಳಿದ್ದಲ್ಲೆಲ್ಲ ಕಪ್ಪು ಚುಕ್ಕೆ ಕಾಣುತ್ತದೆ. ಆಮೇಲೆ ರಬ್ಬರಿನ ಚೆಂಡೊಂದನ್ನು ಹಿಚುಕಿ, ಅದರ ಗಾಳಿಯಿಂದ ಧೂಳನ್ನು ಹಾರಿಸಬೇಕು.

ಹೇಳುವುದು ಸುಲಭ. ಮಳೆಗಾಲ ಮುಗಿದ ಹೊಸತರಲ್ಲಿ ನಮ್ಮ ಕರಾವಳಿಯಲ್ಲಿ ಬಿಳಿ ಗೋಡೆ ಎಲ್ಲಿದೆ ಸ್ವಾಮಿ? ಹೊನ್ನಾವರದ ನನ್ನ ಬಾಡಿಗೆ ಮನೆಯ ಗೋಡೆಗಳಲ್ಲಿ ಪಾಚಿ, ಅದರ ಮೇಲೆ ಕ್ಯಾಲೆಂಡರು, ಅದರ ಹಿಂದೆ ಹಲ್ಲಿ. ದಿನಾ ಸ್ಕೂಟರಿನಲ್ಲಿ ಭಟ್ಕಳಕ್ಕೆ ಹೋಗಿಬರುತ್ತ ದಾರಿಯ ಎರಡೂ ಬದಿ ಗೋಡೆ ಹುಡುಕಿದೆ. ಹುಡುಗಿ ನೋಡಲು ಹೋದಾಗಲೂ ನಾನು ಇಷ್ಟು ಗಮನಕೊಟ್ಟು ನೋಡಿರಲಿಲ್ಲ. ಕೊನೆಗೆ ಶಿರಾಲಿಯ ಹತ್ತಿರ ಹೆದ್ದಾರಿಯ ಮಗ್ಗುಲಲ್ಲೇ ಅದು ಸಿಕ್ಕಿತು. ಹೊಸದಾಗಿ ಸುಣ್ಣ ಹಚ್ಚಿದ ಕಂಪೌಂಡು ಗೋಡೆ, ಬೆಳಗಿನ ಬಿಸಿಲಿನಲ್ಲಿ ಬೆಳ್ಳಗೆ ನಗುತ್ತಿತ್ತು. ಖುಷಿಯಿಂದ ನಾನು ಸ್ಕೂಟರಿನ ಮೇಲೆಯೇ ಸಿಳ್ಳೆ ಹಾಕಿದೆ.

ಸ್ಟ್ಯಾಂಡು ನಿಲ್ಲಿಸಿದೆ, ಗುಂಡಿ ಒತ್ತಿದೆ. ಲೆನ್ಸು ಝುಂಯ್ ಎಂದು ಮುಂದೆ ಹೋಯಿತು, ಝುಂಯ್ ಎಂದು ಹಿಂದೆ ಬಂತು, ಫೋಟೊ ಮಾತ್ರ ಬೀಳಲಿಲ್ಲ. ತಾನೇ ಫೋಕಸ್ ಮಾಡಿಕೊಳ್ಳುವ ಆ ಯಂತ್ರಕ್ಕೆ ಹಿಡಿದುಕೊಳ್ಳಲು ಒಂದು ಗೆರೆಯೋ ಕಲೆಯೋ ಬೇಕು. ನೆಲದ ಮೇಲೆ ಮಡಕೆ ಇಲ್ಲದಿರುವುದನ್ನು ಕಣ್ಣಿನಿಂದ ಕಾಣಬಹುದೋ, ಊಹಿಸಿಕೊಳ್ಳಬೇಕೋ ಎಂದು ನಮ್ಮ ಹಳೆಯ ತರ್ಕಶಾಸ್ತ್ರದವರು ತಲೆಮಾರುಗಟ್ಟಲೆ ಜಗಳವಾಡಿದರಂತೆ. ನನ್ನ ಕ್ಯಾಮೆರಾ ಆ ಸಭೆಯಲ್ಲಿದ್ದಿದ್ದರೆ, ಏನೂ ಇಲ್ಲದ್ದನ್ನು ಕಾಣಲಾಗದು ಎಂದು ಝುಂಯ್‌ಗುಡುತ್ತ ಅಲ್ಲೇ ತೀರ್ಪು ಕೊಟ್ಟುಬಿಡುತ್ತಿತ್ತು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಎರಡು ಹೆಜ್ಜೆ ಮುಂದೆ ಬಂದೆ. ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದೆ.

ಆ ವರ್ಷ ಹೆದ್ದಾರಿ ಅಗಲವಾಗುತ್ತದೆಂಬ ಸುದ್ದಿ ಕುಮಟೆಯಿಂದ ಭಟ್ಕಳದವರೆಗೂ ಹಬ್ಬಿತ್ತು. ಮೂರು ಕಾಲಿನ ಸ್ಟ್ಯಾಂಡು ಕಂಡರೆ ಸಾಕು, ಸರ್ವೆಯವರು ಬಂದರೆಂದು ರಸ್ತೆಬದಿಯ ಮನೆಗಳವರಿಗೆ ಅನ್ನ ಇಳಿಯುತ್ತಿರಲಿಲ್ಲ. ಇದು ನನಗೆ ಹೊಳೆದದ್ದು, ಮನೆಯ ಯಜಮಾನರು ಎಳನೀರು ಹಿಡಿದುಕೊಂಡು ಓಡಿಬಂದಾಗ.

“ಎಷ್ಟು ಫೂಟು ಹೋಗ್ತದೆ ಸಾಹೇಬ್ರೆ?” ಎಂದರು. ಹೆಸರು ಈರಪ್ಪ ನಾಯ್ಕ, ಅರವತ್ತರ ಮೇಲಿನವರು. ಹಿಂದೆಯೇ ಬಂದ ಅವರ ಹೆಂಡತಿ ಮಾದೇವಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. “ಬರೂ ವಾರ ಮಗಳ ನಿಶ್ಚಯ ಅದೆ. ಈ ಗೋಡೆ ಕಟ್ಟೂಕೆ ಕಲ್ಲು ಹೊತ್ತವ್ಳು ನಾನು. ಇದ್ನ ಮುಟ್ಬೇಡಿ.”

“ನಾನು ಸರ್ವೆಯವನಲ್ಲಮ್ಮ. ಕ್ಯಾಮೆರಾದೊಳಗಿನ ಧೂಳು ನೋಡಲಿಕ್ಕೆ ಬಂದವನು” ಎಂದೆ.

ಹೇಳಿದ ಮೇಲೆ ನನಗೇ ನಂಬಿಕೆ ಬರಲಿಲ್ಲ. ಸತ್ಯಕ್ಕೆ ಕೆಲವೊಮ್ಮೆ ಇಂಥ ದರಿದ್ರ ಮುಖ ಇರುತ್ತದೆ. “ನಿಮ್ಮ ಧೂಳು ನೋಡೂಕೆ ನಮ್ಮ ಗೋಡೆ ಎಂತಕ್ಕೆ?” ಎಂದರು ಈರಪ್ಪ ನಾಯ್ಕರು, ನ್ಯಾಯವಾಗಿಯೇ. ತೋರಿಸಿಯೇ ತೀರುತ್ತೇನೆಂದು ಫೋಕಸನ್ನು ಕೈಯಿಂದಲೇ ತಿರುಗಿಸಿ, ಅವರಿಬ್ಬರನ್ನೂ ಬದಿಗೆ ನಿಲ್ಲಿಸಿ, ಒಂದು ಫೋಟೊ ತೆಗೆದು ಹಿಂಬದಿಯ ಪರದೆಯಲ್ಲಿ ತೋರಿಸಿದೆ. ಬಿಳಿ ಗೋಡೆ, ಅದರ ಮೇಲೆ ಮೂರು ಕಪ್ಪು ಚುಕ್ಕೆ.

ಮಾದೇವಮ್ಮ ಪರದೆ ನೋಡಿದರು, ಗೋಡೆ ನೋಡಿದರು, ಮತ್ತೆ ಪರದೆ ನೋಡಿದರು. “ಅಯ್ಯಯ್ಯೋ! ಮೂರು ಕಡೆ ಗುರ್ತು ಹಾಕ್ಯಾತು!”

ಲೆನ್ಸ್ ಬಿಚ್ಚಿದೆ, ರಬ್ಬರಿನ ಚೆಂಡು ತೆಗೆದು ಒಳಗೆ ಪುಸ್ ಪುಸ್ ಎಂದು ಊದಿದೆ, ಮತ್ತೊಂದು ಫೋಟೊ ತೆಗೆದೆ. ಎರಡು ಚುಕ್ಕೆ.

“ಒಂದು ಬಿಟ್ರು!” ಎಂದರು ಮಾದೇವಮ್ಮ, ಕೈಮುಗಿದು. “ಸಾಹೇಬ್ರೆ, ಉಳಿದ ಎರಡನ್ನೂ ಊದಿಬಿಡಿ. ಬೇಕಾದ್ರೆ ನಾನೇ ಸೆರಗಿಂದ ಒರ್ಸಿ ಕೊಡ್ತೆ.”

ಸೆರಗು ಎಂಬ ಮಾತು ಕೇಳಿ ನಾನು ಕ್ಯಾಮೆರಾವನ್ನು ಎದೆಗವಚಿಕೊಂಡೆ. ಮತ್ತೆ ಊದಿದೆ, ಒಂದು ಉಳಿಯಿತು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಉಸಿರು ಬಿಗಿಹಿಡಿದು ನಿಂತ ಹತ್ತು ಜನರ ನಡುವೆ ಕೊನೆಯ ಚುಕ್ಕೆಯನ್ನು ಊದಿದೆ. ಅದೇ ನನ್ನ ಗರುಡ. ನಾಲ್ಕು ತಿಂಗಳ ಸಂಗಾತಿ ಹಾರಿಹೋಯಿತು. ಜನ “ಆತು, ಆತು!” ಎಂದು ಕೂಗಿದರು, ನಾನೂ ಕೂಗಿದೆ. ಆಚೆಮನೆಯವರೊಬ್ಬರು ನನ್ನ ತೋಳು ಹಿಡಿದು, “ನಮ್ಮ ಗೋಡೆಗೂ ಒಂದು ಸಲ ಊದಿ” ಎಂದು ಬೇಡಿಕೊಂಡರು.

ಆಗ ನನ್ನ ನಗು ನಿಂತಿತು. ನಾನು ಊದಿದ್ದಕ್ಕೂ ರಸ್ತೆಗೂ ಸಂಬಂಧವಿಲ್ಲ, ನನ್ನಿಂದ ಒಂದು ಇಂಚೂ ಉಳಿಯುವುದಿಲ್ಲ ಎಂದು ಎಲ್ಲರೆದುರು ಬಿಡಿಸಿ ಹೇಳಿದೆ. ಹೇಳುವಾಗ ನಿಜಕ್ಕೂ ಸಂಕಟವಾಯಿತು. ಜನ ಒಬ್ಬೊಬ್ಬರಾಗಿ ಕರಗಿದರು. ಮಾದೇವಮ್ಮ ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಾಹೇಬನ ಪಟ್ಟದಿಂದ ತಮ್ಮನ ಪಟ್ಟಕ್ಕೆ ಇಳಿಸಿ, “ಆತು ತಮಾ. ಎಳನೀರು ಕುಡಿ. ಬಂದದ್ದಕ್ಕೆ ನಮ್ದೊಂದು ಫೋಟೊ ಹೊಡಿ” ಎಂದರು.

ಗೇಟಿನ ಪಕ್ಕ, ಗೋಡೆಯಲ್ಲಿದ್ದ ದೀಪದ ಗೂಡಿನ ಎದುರು ಅವರು ನಿಂತರು. ಆ ಕಾಲದ ದಂಪತಿ. ಇಬ್ಬರ ಮಧ್ಯೆ ಮೂರನೆಯವನೊಬ್ಬ ನಿಲ್ಲುವಷ್ಟು ಮರ್ಯಾದೆಯ ಅಂತರ. ನಾನು ಜಾಣತನ ತೋರಿಸಲು ಅಪರ್ಚರನ್ನು ಪೂರ್ತಿ ಹಿಗ್ಗಿಸಿ, ಫೋಕಸನ್ನು ಮತ್ತೆ ಯಂತ್ರಕ್ಕೇ ಬಿಟ್ಟು, ಹಿನ್ನೆಲೆ ಮಸುಕಾಗಲಿ ಎಂದು ಗುಂಡಿ ಒತ್ತಿದೆ. ಕ್ಯಾಮೆರಾ ಈ ಸಲ ಝುಂಯ್ ಎನ್ನದೆ ತಟ್ಟನೆ ಹಿಡಿಯಿತು. ಏನನ್ನು ಹಿಡಿಯಿತು ಎಂಬುದು ಆ ಪುಟ್ಟ ಪರದೆಯಲ್ಲಿ ತಿಳಿಯಲಿಲ್ಲ; ಗೊತ್ತಾದದ್ದು ಕುಮಟೆಯಲ್ಲಿ ಪ್ರಿಂಟು ಹಾಕಿಸಿದಾಗ. ಆ ಮರ್ಯಾದೆಯ ಅಂತರದಲ್ಲಿ ತೂರಿ ಹೋಗಿ ಅದು ಗೂಡಿನ ಎಣ್ಣೆಮಸಿಯನ್ನು ಹಿಡಿದಿತ್ತು. ಗೋಡೆಯ ಸುಣ್ಣದ ಕುಂಚದ ಗೆರೆಗಳನ್ನೂ ಎಣಿಸಬಹುದಿತ್ತು. ಗಂಡಹೆಂಡತಿ ಮಾತ್ರ ಎರಡು ಮಂಜಿನ ಮುದ್ದೆ. “ಧೂಳೂ ಹೋಯ್ತು, ಜನರೂ ಹೋದ್ರು” ಎಂದ ಗಣಪತಿ.

ಕೊಡದೆ ತಪ್ಪಿಸಿಕೊಳ್ಳೋಣವೆಂದರೆ ದಿನಾ ಅದೇ ದಾರಿ. ನಿಶ್ಚಯ ಮುಗಿದ ಮಾರನೆಯ ದಿನ ಹೋಗಿ, ಕ್ಷಮೆಯ ಮಾತನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ಪ್ರಿಂಟನ್ನು ಕೈಗಿತ್ತೆ. ಈರಪ್ಪ ನಾಯ್ಕರು ದೂರ ಹಿಡಿದರು, ಹತ್ತಿರ ಹಿಡಿದರು. “ನಾವು ಎಲ್ಲಿ ಇದ್ದೇವೆ ಇದ್ರಲ್ಲಿ?” ಎಂದರು.

ಮಾದೇವಮ್ಮ ಅದನ್ನು ಕಸಿದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆರಳಿನಿಂದ ಗೂಡನ್ನು ಸವರಿದರು. “ನಮ್ಮ ಮೋರೆ ಎಂತಕ್ಕೆ? ರೋಡು ಬಂದ್ರೆ ನಾವು ಹಿಂದೆ ಸರ್ಕಂಡು ನಿಂತ್ಕಳ್ತೇವೆ. ಗೋಡೆ ಸರೀತದಾ?” ಎಂದು, ನನ್ನತ್ತ ತಿರುಗಿದರು. “ನೀ ಗೋಡೆ ನೋಡೇ ಹೊಡ್ದದ್ದು ಅಲ್ದಾ ತಮಾ?”

“ಹೌದಮ್ಮ” ಎಂದೆ, “ಗೋಡೆ ನೋಡಿಯೇ.”