ಕಲಿಮಾದ ರುಪಾಯಿ

ನಕ್ಕಾಗ ಅವರ ಒಸಡಿನಂಚಿಗೆ ಒಂದು ನೀಲಿ ಗೆರೆ ಕಾಣುತ್ತಿತ್ತು. ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯ ಚಾಚಾ, ವೀಳ್ಯದೆಲೆಯ ವ್ಯಾಪಾರಿ. ಎಲೆಯಡಿಕೆಯ ಕಲೆ ಎಂದುಕೊಂಡಿದ್ದೆ. ಅಥವಾ ಆಗ ಏನೂ ಅಂದುಕೊಳ್ಳದೆ, ಆಮೇಲೆ ತಿಳಿದದ್ದನ್ನು ಈಗ ಆ ನಗುವಿಗೆ ಅಂಟಿಸುತ್ತಿದ್ದೇನೆ.

ಬಂಕಾಪುರ, ಹಾನಗಲ್ಲಿನ ಸಂತೆಗಳಿಗೆ ಎಲೆ ಒಯ್ದಾಗ ಚಾಚಾ ಹಳೆಯ ಬೆಳ್ಳಿ ನಾಣ್ಯ ಹುಡುಕಿ ತರುತ್ತಿದ್ದರು. ಫಾರಸಿ ಅಕ್ಷರಗಳನ್ನು ಬೆರಳಿನಿಂದ ಸವರಿಯೇ ಓದುತ್ತಿದ್ದರು. ಆಮೇಲೆ ಕಟ್ಟೆಯ ಕರಿಕಲ್ಲಿಗೆ ಕೆಡವಿ ಕಿವಿಗೊಡುತ್ತಿದ್ದರು. ಬೆಳ್ಳಿಯಾದರೆ ದನಿ ಎಳೆಯುತ್ತದೆ. ಖೊಟ್ಟಿಯಾದರೆ ಬಿದ್ದಲ್ಲೇ ಸಾಯುತ್ತದೆ. ನಾನು ಹುಲಗೂರಿನಿಂದ ತಂದ ಮೊದಲ ನಾಣ್ಯ ಕೆಡವಿ, "ಇದರ ಅವ್ವ ಹಿತ್ತಾಳಿ ಡಬರಿಲೇ" ಎಂದಿದ್ದರು.

ಒಂದನ್ನು ಮಾತ್ರ ಕೆಡವಿರಲಿಲ್ಲ. ಅವರ ತಾಯಿ ಕೊಟ್ಟದ್ದು. ಮೊಗಲರ ಕಾಲದ್ದೆನ್ನುವ ರುಪಾಯಿ, ನಡುವೆ ಇಸ್ಲಾಮಿನ ನಂಬಿಕೆಯ ವಚನ ಕಲಿಮಾ, ಸುತ್ತ ನಾಲ್ವರು ಖಲೀಫರ ಹೆಸರು. ಅದನ್ನು ನೆನೆಸಿದ ನೀರು ಜ್ವರಕ್ಕೆ, ಹೆರಿಗೆಗೆ ಒಳ್ಳೆಯದೆಂದು ಓಣಿಯ ನಂಬಿಕೆ. ನಾಣ್ಯ ಕಪ್ಪಾಗದಿರಲೆಂದು ನಿಂಬೆ ಹಿಂಡಿ, ಆ ನೀರನ್ನು ಚಾಚಾ ದಿನಾ ಬೆಳಿಗ್ಗೆ ಕುಡಿಯುತ್ತಿದ್ದರು. ಬರಬರುತ್ತ ಬಲ ಮಣಿಕಟ್ಟು ಜೋತುಬಿತ್ತು. ಹೊಟ್ಟೆನೋವು ಬಂದರೆ ಇನ್ನೊಂದು ಲೋಟ.

ಮಗಳು ಹಿರೇಕೆರೂರಿನಿಂದ ಹೆರಿಗೆಗೆ ಬಂದಳು. ಅವಳಿಗೂ ಒಂದು ಲೋಟ ನೆನೆಸಿಟ್ಟಿದ್ದರು. ಬಗ್ಗಿ ನೋಡಿದೆ. ನಾಣ್ಯದ ಅಂಚಿನಲ್ಲಿ ಬೆಳ್ಳಿಯ ಪೊರೆ ಎದ್ದು ಕೆಳಗೆ ಮಂಕು ಬೂದು ಕಾಣುತ್ತಿತ್ತು.

"ಚಾಚಾ, ಇದು ಸೀಸದ್ದು ಕಾಣ್ತೈತ್ರಿ. ಒಮ್ಮೆ ಕಲ್ಲಿಗೆ ಕೆಡವಿ ನೋಡ್ರಿ. ಸೀಸ ವಿಷ."

"ಕಲಿಮಾ ಐತಿ ಅದರಾಗ. ನೆಲಕ್ಕ ಒಗಿಯೂದಲ್ಲ."

"ಮತ್ತ ಖರೇ ಅಂತ ಹೆಂಗ ಗೊತ್ತಾತ್ರಿ?"

"ಕಬರಸ್ತಾನಕ್ಕ ಹೋಗಿ ನಮ್ಮವ್ವನ್ನ ಕೇಳ್ಲೇನು?"

ಮಗಳು ನಕ್ಕಳು. "ಅಬ್ಬಾ, ತರ್ರಿ ಇತ್ಲಾಗ. ನಾ ಕುಡದ್ರ ಇಬ್ಬರೂ ಸುಮ್ನಾಗ್ತೀರಿ."

ಚಾಚಾ ಲೋಟ ಕೊಡಲಿಲ್ಲ. ನಾಣ್ಯ ತೆಗೆದು ಒರೆಸಿ, ಎಡಗೈ ಬೆರಳ ತುದಿಯ ಮೇಲೆ ನಿಲ್ಲಿಸಿ, ಕಿಸೆಯ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರು. ಕಲ್ಲಿಗೆ ಒಗೆಯದೆಯೂ ಪರೀಕ್ಷಿಸುವುದು ಅವರಿಗೆ ಮೊದಲಿನಿಂದ ಗೊತ್ತಿತ್ತು. ಆ ಸದ್ದು ನನ್ನ ನೆನಪಿನಲ್ಲಿ ಒಂದೊಂದು ಸಲ ಒಂದೊಂದು ಥರ. ಎಳೆಯಲಿಲ್ಲ ಎನ್ನುವುದಷ್ಟೇ ಖಾತ್ರಿ.

"ನಿನಗ ಬ್ಯಾಡ" ಎಂದರು ಮಗಳಿಗೆ. ಚೆಲ್ಲಲು ನಾನು ಲೋಟಕ್ಕೆ ಕೈಹಾಕಿದೆ. "ಕಲಿಮಾದ ನೀರು ಚೆಲ್ಲೂದಿಲ್ಲಪಾ" ಎಂದು ತಾವೇ ಎತ್ತಿ, ಪೂರಾ ಕುಡಿದರು.

ಮುಂದಿನ ರಂಜಾನಿನ ಹೊತ್ತಿಗೆ ಅವರಿರಲಿಲ್ಲ. ಕಿಡ್ನಿ ಎಂದರು ಡಾಕ್ಟರು. ಒಸಡಿನ ನೀಲಿ ಗೆರೆ, ಜೋತ ಮಣಿಕಟ್ಟು ಸೀಸದ ಗುರುತೆಂದು ನನಗೆ ತಿಳಿದದ್ದು ಆಮೇಲೆ. ನಾಣ್ಯ ನೋಡಲು ಕಲಿಸಿದವರು ಅವರು. ಆ ಒಂದನ್ನು ಹೂಳಿಬಿಡೋಣವೆಂದು ಅವರ ಹೆಂಡತಿ ಚಾಚಿಯನ್ನು ಕೇಳಿದೆ. ಸೀಸದ ಮಾತು ಅವರ ಕಿವಿಗೆ ಯಾರೂ ಹಾಕಿರಲಿಲ್ಲ.

"ಮಣ್ಣಿಗೆ ಬಂದವರು ಒಯ್ದರಪಾ, ಹಂಸಭಾವಿ ಕಡೆಯವರು. ಸೊಸಿಗೆ ದಿನ ತುಂಬ್ಯಾವಂತ. ಹೆಸರ ಕೇಳಲಿಲ್ಲ."