ಸೊಸೆಯ ಕರಗದ ಮಂಜುಗಡ್ಡೆ

ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಅತ್ತೆಯ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. "ಕಂಪ್ಯೂಟರಲ್ಲಿ ನೀರು ಹೆಪ್ಪುಗಟ್ಟಿಸ್ತಾಳೆ, ಆಮೇಲೆ ಕರಗಿಸ್ತಾಳೆ. ಇಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ಹರಿದ್ರೂ ಅವಳ ಕಣ್ಣಿಗೆ ಬೀಳಲ್ಲ!" ಆ ಕೆಲಸವೊಂದು ತಪ್ಪಿದರೆ ಸಾಕು ಎಂದು ಅತ್ತೆ ಕಾಯುತ್ತಿದ್ದಳು.

ಈಗ ತಪ್ಪುವ ಹಾಗೇ ಕಾಣುತ್ತಿತ್ತು. ನೀರಿನ ಕಣಗಳು ಹೇಗೆ ನಡೆದುಕೊಳ್ಳಬೇಕೆಂದು ನಿಯಮ ಬರೆದು ಸೊಸೆ ಕಂಪ್ಯೂಟರಿನೊಳಗೆ ಮಂಜುಗಡ್ಡೆ ಕಟ್ಟಿದ್ದಳು. ಸೊನ್ನೆ ಡಿಗ್ರಿ ದಾಟಿಸಿ ಬಿಸಿ ಮಾಡಿದರೂ ಅದು ಜಪ್ಪಯ್ಯ ಅಂದರೂ ಕರಗಲಿಲ್ಲ. ಸರಿಹೋಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಪ್ರಯೋಗಾಲಯದ ಮುಖ್ಯಸ್ಥ ಹೇಳಿಬಿಟ್ಟಿದ್ದ. ಹುಡುಗಿ ಊಟದ ಮುಂದೆಯೂ ಮಂಕು ಬಡಿದವಳಂತೆ ಕೂತಿರುತ್ತಿದ್ದಳು.

ಒಂದು ಭಾನುವಾರ ಅತ್ತೆ ಹಳೇ ಸ್ವೆಟರ್ ಬಿಚ್ಚಲು ಕೂತು ಗೊಣಗಿದಳು. "ಥೂ, ತುದೀನೇ ಸಿಗ್ತಿಲ್ಲ. ತುದಿ ಇಲ್ಲದೆ ಬಿಚ್ಚೋದಾದ್ರೂ ಎಲ್ಲಿಂದ?"

ಸೊಸೆ ತಟ್ಟನೆ ತಲೆಯೆತ್ತಿದಳು. "ಅತ್ತೆ, ಇನ್ನೊಂದ್ಸಲ ಹೇಳಿ!"

"ಕಿವುಡಾ ನಿಂಗೆ?"

"ನನ್ನ ಗಡ್ಡೆಗೂ ಅಂಚೇ ಇಲ್ಲ! ಬಲಗಡೆ ಆಚೆ ಹೋದ ಕಣ ಎಡಗಡೆಯಿಂದ ಒಳಗೆ ಬರೋ ಹಾಗೆ ಮಾಡಿದೀನಿ. ಮಂಜು ಕರಗೋದು ಅಂಚಿಂದ ತಾನೆ, ಅಂಚಿಲ್ದೆ ಶುರುವಾಗೋದೆಲ್ಲಿಂದ?"

ಮಾರನೆಯ ದಿನವೇ ಅವಳು ಗಡ್ಡೆಯ ಪಕ್ಕದಲ್ಲಿ ನೀರನ್ನಿಟ್ಟಳು. ಬಿಸಿ ಹೆಚ್ಚಿದರೆ ನೀರಿನದೇ ಮೇಲುಗೈ, ಇಳಿದರೆ ಗಡ್ಡೆಯದು. ಎರಡೂ ಸರಿಸಮ ನಿಲ್ಲುವುದು ಎಷ್ಟು ಡಿಗ್ರಿಯಲ್ಲೋ ಅದೇ ಗಡ್ಡೆ ಕರಗುವ ಬಿಸಿ, ಅವಳಿಗೆ ಬೇಕಾಗಿದ್ದ ಉತ್ತರ. ಕೆಲಸ ತಪ್ಪಲಿ ಎಂದು ಕಾದಿದ್ದ ಅತ್ತೆಯೇ ಅದನ್ನು ಉಳಿಸಿಕೊಟ್ಟ ಹಾಗಾಯಿತಲ್ಲ!

ಆದರೆ ಉತ್ತರ ಬಂದದ್ದು ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಸಂಜೆ ಮುಖ್ಯಸ್ಥ ಫೋನ್ ಮಾಡಿದ. ಅವನ ದನಿ ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳುತ್ತಿತ್ತು. "ಸೊನ್ನೆ ಅಂತಲೇ ಬರೀರಿ. ಎಲ್ಲರಿಗೂ ಗೊತ್ತಿರೋದೇ ತಾನೆ? ಇಲ್ಲಾಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ಕಷ್ಟ."

"ಸರ್, ನಿಜವಾದ ನೀರಿಗೆ ಸೊನ್ನೆ. ನನ್ನ ನಿಯಮದ ನೀರಿಗೆ ಇದು. ನಿಯಮ ಎಲ್ಲಿ ತಪ್ಪಿದೆ ಅಂತ ಹುಡುಕ್ತೀನಿ, ಆದ್ರೆ ಬಂದದ್ದನ್ನ ಮಾತ್ರ ಬರೀತೀನಿ."

ಫೋನ್ ಇಟ್ಟು ಅವಳು ಅಡುಗೆಮನೆಗೆ ಬಂದಳು. ಅಬ್ಬಾ, ಎಂಥ ಗಟ್ಟಿಗಿತ್ತಿ ನನ್ನ ಸೊಸೆ ಎಂದು ಅತ್ತೆಯ ಎದೆ ತುಂಬಿ ಬಂತು.

"ಕೆಲಸ ಹೋಗಬಹುದು ಅತ್ತೆ."

ಹೋದರೆ ಹೋಗಲಿ ಬಿಡು ಎನ್ನಲು ಅತ್ತೆ ವರ್ಷಗಳಿಂದ ಕಾದಿದ್ದಳು. ಈಗ ಆ ಮಾತು ಬಾಯಿಗೆ ಬರಲಿಲ್ಲ.

"ಅವನಾಗಿ ತೆಗೆದ್ರೆ ತೆಗೀಲಿ, ನೀನಾಗಿ ಬಿಡಬೇಡ. ಕೂತು ಹುಡುಕು ಹೋಗು," ಎಂದಳು. "ಹಾಲು ನಾನು ನೋಡ್ಕೋತೀನಿ."